ಗಾಲಿ ಮನೆಯಲ್ಲಿ ಹಾಲುಕ್ಕಿಸಿದ್ದು

ತಾಳಮಲೆಯ ಹೊಲದಲ್ಲಿ ಗಾಡಿ ನಿಂತು ಇನ್ನೂ ಕಾಲು ಗಂಟೆ ಆಗಿರಲಿಲ್ಲ. ಅಷ್ಟರೊಳಗೆ ಮಂಗಳಗೌರಿ ಒಳಗಿನ ನಲ್ಲಿಯನ್ನು ಹತ್ತು ಸಲ ತಿರುಗಿಸಿ ನೋಡಿದ್ದಳು. ಪ್ರತಿ ಸಲವೂ ನೀರು ಬಂತು. ಗಾಡಿಯೊಳಗೆ ನಲ್ಲಿ! ಅವಳಿಗೆ ನಗು ತಡೆಯಲಾಗಲಿಲ್ಲ.

"ಇಂಗೆ ನೀರು ಚೆಲ್ತಿದ್ರೆ ಟ್ಯಾಂಕಿಗೆ ಕಡ್ಲು ನೀರೇ ಗತಿ," ಎಂದ ಹೊರಗೆ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ ಗಂಡ ವೃಷಭೇಂದ್ರ.

"ಕಡ್ಲು ಅನ್ಬ್ಯಾಡಿ. ಎದೆ ಡವಡವ ಅಂತದ."

ಒಂದು ಕಾಲದಲ್ಲಿ ಅದು ಸ್ಕೂಲ್ ಮಕ್ಕಳ ವ್ಯಾನು. ವೃಷಭೇಂದ್ರ ಅದನ್ನು ಕೊಂಡು, ಸೀಟು ಕೀಳಿಸಿ, ಎರಡು ಮಂಚ, ಗ್ಯಾಸ್ ಒಲೆಗೊಂದು ಕಟ್ಟೆ, ನೆತ್ತಿಯ ಮೇಲೊಂದು ನೀರಿನ ಟ್ಯಾಂಕು ಮಾಡಿಸಿದ್ದ. ತಮ್ಮೂರು ಗೆಟ್ಟವಾಡಿಯಲ್ಲಿ ಕಂಡವರೆಲ್ಲ "ಇದಕ್ಕೆ ಮನೆ ಕಂದಾಯ ಎಷ್ಟು ಕಣ?" ಎಂದು ಕಾಲೆಳೆದದ್ದೇ ಎಳೆದದ್ದು. ಎಳೆಯಲಿ ಬಿಡಿ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಮಂಗಳಗೌರಿ ದನ ಬಿಟ್ಟು, ಬಾಳೆತೋಟ ಬಿಟ್ಟು ಎರಡು ದಿನ ಹೊರಗಿದ್ದವಳಲ್ಲ. ಸಮುದ್ರವನ್ನು ಕಂಡಿದ್ದು ಟಿವಿಯಲ್ಲಿ ಮಾತ್ರ. ಈ ಸಲ ಮೈದುನ ಮಹದೇವಪ್ರಸಾದ್ "ದನ ನಾ ನೋಡ್ಕತ್ತೀನಿ, ಓಗ್ಬನ್ನಿ ಅತ್ಗೆ" ಎಂದದ್ದೇ ತಡ, ಅವಳು ಸೀರೆ ಮಡಿಸಿಟ್ಟುಬಿಟ್ಟಿದ್ದಳು. ಈ ಹೊತ್ತು ಅತ್ತೆಯ ತಂಗಿ ಶಿವಮಲ್ಲಮ್ಮನ ಹೊಲದಲ್ಲಿ ತಂಗುವುದು, ರಾತ್ರಿ ಮುಚ್ಚುವ ದಿಂಬಂ ಘಾಟಿಯ ಗೇಟು ಬೆಳಗ್ಗೆ ತೆಗೆದೊಡನೆ ಇಪ್ಪತ್ತೇಳು ತಿರುವು ಇಳಿದು ರಾಮೇಶ್ವರದ ದಾರಿ ಹಿಡಿಯುವುದು.

ಇನ್ನು ಅತ್ತೆ ಬಂಗಾರಮ್ಮ. ವಯಸ್ಸು ಎಪ್ಪತ್ತನಾಲ್ಕು. ಒಂದು ತಿಂಗಳಿಂದ "ಆ ಡಬ್ಬದೊಳಕ್ಕೆ ನಾ ಬರಾಕಿಲ್ಲ" ಎಂದು ಊರಿಗೆಲ್ಲ ಸಾರಿದ್ದ ಆಕೆ, ಈ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎಲೆಯಡಿಕೆ ಚೀಲ ಹಿಡಿದು ಕಿಟಕಿ ಪಕ್ಕ ಕುಳಿತಾಗಿತ್ತು. ಕೇಳಿದರೆ, "ನಿಮ್ಮನ್ನ ಕಾಯಕ್ಕೆ ಯಾರಾದ್ರೂ ಬ್ಯಾಡ್ವಾ?" ಎಂದು ತಗಡಿನ ಸುಣ್ಣದ ಡಬ್ಬಿ ತೆರೆದಳು.

ಈಗ ಆಕೆ ಮಂಚವನ್ನು ಒತ್ತಿ ನೋಡಿದಳು. "ಇಲ್ಲೇ ಮಲಗದಾ?"

"ಊ ಅತ್ತೆಮ್ಮ."

"ಇಲ್ಲೇ ಉಣ್ಣದಾ? ಅಂಗಾದ್ರೆ ಇದು ಮನೆ ಕಣವ್ವ. ಆಲು ಉಕ್ಕುಸ್ದೆ ಮನೇಲಿ ಮಲಗಬಾರ್ದು."

"ಅವ್ವ, ಚಕ್ರಕ್ಕೆ ನಿಂಬೆಅಣ್ಣು ಇಕ್ಕಿ ಪೂಜೆ ಮಾಡ್ಲಿಲ್ವಾ?" ಎಂದ ಮಗ.

"ಅದು ಗಾಡಿಗೆ ಕಣ್ಲಾ. ಇದು ಮನೆಗೆ."

ಕಾಫಿಗೆಂದು ತಂದಿದ್ದ ಹಾಲನ್ನು ಮಂಗಳಗೌರಿ ಒಲೆಗಿಟ್ಟಳು. ಮೂವರೂ ಪಾತ್ರೆಯ ಸುತ್ತ ತಲೆ ಬಗ್ಗಿಸಿ ನಿಂತರು. ಹಾಲು ಬುರುಬುರು ಏರಿತು, ಅಂಚಿಗೆ ಬಂತು, ಒಂದೇ ಕಡೆಗೆ ವಾಲಿ ಸುರಿಯಿತು. ತೆಂಕಲಿಗೆ. ಯಮನ ದಿಕ್ಕಿಗೆ.

ಬಂಗಾರಮ್ಮ ನೆಲ ನೋಡುತ್ತ, "ಶಕುನ ಬ್ಯಾಡ ಅಂತದ. ಬೆಳಗ್ಗೆ ಊರಿಗೆ ತಿರುಗ್ಸಪ್ಪ," ಎಂದಳು. ವೃಷಭೇಂದ್ರ ಹಿಂದೆ ನೋಡಲಿಲ್ಲ ಮುಂದೆ ನೋಡಲಿಲ್ಲ, "ಅವ್ವ ಏಳ್ದಂಗೆ" ಎಂದು ಹೊಲದ ಕಡೆ ಹೊರಟುಹೋದ. ಹೆತ್ತವ್ವನ ಮಾತು ಮೀರದ ಗಂಡು ಊರಿಗೆಲ್ಲ ಮೆಚ್ಚು, ಹೆಂಡತಿಯನ್ನು ಕೇಳಬೇಕು!

ಕೈಗೆ ಬಂದ ಕಡಲು ಬಾಯಿಗೆ ಬರಲಿಲ್ಲವಲ್ಲ ಎಂದು ಒಲೆ ಒರೆಸುತ್ತಿದ್ದಾಗ ಮಂಗಳಗೌರಿಗೆ ಥಟ್ಟನೆ ಹೊಳೆಯಿತು. ಊರ ಮನೆಯಾದರೆ ತಾತ ಇಟ್ಟ ಬಾಗಿಲು ಇಟ್ಟ ಕಡೆಗೇ. ಈ ಮನೆಗೆ ಸ್ಟೇರಿಂಗ್ ಇದೆ!

"ಅತ್ತೆಮ್ಮ, ಇನ್ನೊಂದು ಸಲ ಉಕ್ಕುಸ್ಲಾ? ಇದೊಂದೇ ಸಲ."

ಬಂಗಾರಮ್ಮ ಬೇಡ ಅನ್ನಲಿಲ್ಲ. ಅಷ್ಟೇ ಸಾಕಾಗಿತ್ತು. ಮಂಗಳಗೌರಿ ಕೊಟ್ಟಿಗೆಗೆ ಓಡಿದಳು. ಶಿವಮಲ್ಲಮ್ಮ ಆಗಷ್ಟೇ ಸಂಜೆಯ ಹಾಲು ಕರೆದು ಏಳುತ್ತಿದ್ದಳು. ಒಂದು ಚೊಂಬು ನೊರೆಹಾಲು ಇಸಿದುಕೊಂಡು ಬಂದು, ಮಂಗಳಗೌರಿ ಚಕ್ರದ ಕಲ್ಲು ತೆಗೆದು, ಗಂಡ ಮುಟ್ಟಗೊಡದ ಆ ಡ್ರೈವರ್ ಸೀಟಿಗೆ ಹತ್ತಿ ಕೀ ತಿರುಗಿಸಿದಳು. ಟ್ರ್ಯಾಕ್ಟರ್ ಓಡಿಸಿದ ಕೈಗೆ ವ್ಯಾನು ಯಾವ ಲೆಕ್ಕ?

ಗಾಡಿ ಗುರ್ ಎಂದು ನೆಗೆಯಿತು. ಒಂದು ಸಾಲು ಅವರೆ ಗಿಡ ಮಣ್ಣುಪಾಲಾದವು. "ಅಯ್ಯೋ ನಮ್ಮವ್ವ, ನಿಲ್ಸು!" ಎಂದು ಶಿವಮಲ್ಲಮ್ಮ ಕೂಗಿದಳು. ವೃಷಭೇಂದ್ರ ಪಂಚೆ ಎತ್ತಿಕಟ್ಟಿ ಓಡಿಬಂದ. ಹಿಂದಿನ ಮಂಚದ ಮೇಲೆ ಕಂಬಿ ಹಿಡಿದು ಕುಳಿತಿದ್ದ ಬಂಗಾರಮ್ಮ ಮಾತ್ರ, "ಇನ್ನೊಸಿ ಎಡಕ್ಕೆ! ಎಡಕ್ಕೆ ಬುಡು!" ಎಂದು ದಾರಿ ಹೇಳುತ್ತಿದ್ದಳು. ಮೂತಿ ಪಡುವಲಿಗಿದ್ದ ಗಾಡಿ ಸುತ್ತು ಹೊಡೆದು ಮೂಡಲಿಗೆ ನಿಂತಿತು. ಮಂಗಳಗೌರಿಯ ಮುಖ ಅರಳಿತ್ತು. ಇಂಥ ಖುಷಿ ಅವಳಿಗೆ ಯಾವ ಹಬ್ಬದಲ್ಲೂ ಆದದ್ದಿಲ್ಲ.

ಆದರೆ ಪೂಜೆಯಲ್ಲಿ ಮಿಕ್ಕಿದ್ದ ನಿಂಬೆಹಣ್ಣೊಂದು ಗಾಡಿಯ ನೆಗೆತಕ್ಕೆ ಚೀಲದಿಂದ ಜಾರಿ ಕಟ್ಟೆಯ ಮೇಲೆ ಬಿದ್ದಿತ್ತು. ಅವಳು ನೋಡುತ್ತಿದ್ದಂತೆಯೇ ಅದು ಮೆಲ್ಲಗೆ ಉರುಳಿತು, ಮತ್ತೆ ತೆಂಕಲಿಗೆ.

ಏದುಸಿರು ಬಿಡುತ್ತ ಬಾಗಿಲಿಗೆ ಬಂದ ಗಂಡ ನಕ್ಕುಬಿಟ್ಟ. "ಅಯ್ಯೋ ಪೆದ್ದಿ, ಒಲದ ಇಳಿಜಾರೇ ಆ ಕಡೆಗದ. ಗಾಡಿ ಎತ್ತ ತಿರುಗುದ್ರೇನು?"

ಮನೆ ತಿರುಗಿತ್ತು, ಹೊಲ ತಿರುಗಿರಲಿಲ್ಲ. ಮಂಗಳಗೌರಿಗೆ ಅಳುವೇ ಬಂತು. ಬಂಗಾರಮ್ಮ ಎಲೆ ಜಗಿಯುತ್ತ ನಿಂಬೆಹಣ್ಣು ಉರುಳಿದ ದಿಕ್ಕನ್ನು ನೋಡಿದಳು.

"ಆಲು ತಂದಾಯ್ತಲ್ಲ, ಒಲೆ ಅಚ್ಚು," ಎಂದಳು. "ಪಾತ್ರೆಗೆ ನಾ ವಿಭೂತಿ ಅಚ್ತೀನಿ. ನೀನು ಓಗಿ ಶಿವಮಲ್ಲೀನ ಕರಕೊಂಡು ಬಾ, ಮನೆ ತುಂಬಕ್ಕೆ ಮುತ್ತೈದೆ ಬ್ಯಾಡ್ವಾ? ಲೋ ವೃಷಭೇಂದ್ರ, ಚಕ್ರಕ್ಕೆ ಕಲ್ಲು ಕೊಡೋಗು."

ಮಂಗಳಗೌರಿ ಕಾಲೆಳೆಯುತ್ತ ಹೋಗಿ, ಸತ್ತ ಅವರೆ ಗಿಡಗಳಿಗಾಗಿ ಬೈಸಿಕೊಂಡು, ಚಿಕ್ಕತ್ತೆಯನ್ನು ಕರೆತಂದಳು. ನಾಲ್ವರೂ ಒಳಗೆ ಒತ್ತರಿಸಿ ನಿಂತರು. ಹಾಲು ಸುರುಳಿ ಸುತ್ತತೊಡಗಿತು. ಮಂಗಳಗೌರಿ ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆದಳು. ಹರಕೆ ಹೊರುವಷ್ಟು ಹೊತ್ತೂ ಇರಲಿಲ್ಲ.

"ಬಂತು ಬಂತು!" ಎಂದ ಗಂಡ.

ಕಣ್ಣು ಬಿಟ್ಟಳು. ಬಿಳಿ ನೊರೆ ಎದ್ದು ನಿಂತು, ಒಂದು ಗಳಿಗೆ ಯೋಚಿಸಿದಂತೆ ತಡೆದು, ಬಡಗಲು ಮೂಡಲಿನ ನಡುವೆ ಧಾರಾಳವಾಗಿ ಇಳಿಯಿತು.

"ಈಶಾನ್ಯ! ಶಿವನ ಮೂಲೆ ಕಣಕ್ಕಾ!" ಎಂದು ಶಿವಮಲ್ಲಮ್ಮ ಚಪ್ಪಾಳೆ ತಟ್ಟಿದಳು. ವೃಷಭೇಂದ್ರ ಬೆಪ್ಪಾಗಿ ಒಮ್ಮೆ ಹೊಲವನ್ನೂ ಒಮ್ಮೆ ಪಾತ್ರೆಯನ್ನೂ ನೋಡಿದ. ಮಂಗಳಗೌರಿ ಕುಣಿದೇಬಿಟ್ಟಳು. ಗಾಡಿಯೂ ಅವಳ ಜೊತೆ ಅಲ್ಲಾಡಿತು.

"ಇನ್ನೇನು, ಶಿವನೇ ಓಗು ಅಂದ್ಮೇಲೆ ನಾ ಬ್ಯಾಡ ಅನ್ನಕ್ಕಾದದಾ?" ಎಂದು ಬಂಗಾರಮ್ಮ ಮುಖ ಗಂಟಿಕ್ಕಿಕೊಂಡೇ ಅಪ್ಪಣೆ ಕೊಟ್ಟಳು.

ಗಂಡ, ಚಿಕ್ಕತ್ತೆ ಇಬ್ಬರೂ ಸಕ್ಕರೆ ಹಾಕಿದ ಹಾಲಿನ ಲೋಟ ಹಿಡಿದು ಹೊರಗೆ ಹೋದ ಮೇಲೆ ಮಂಗಳಗೌರಿ ಕಟ್ಟೆ ಒರೆಸಲು ಬಟ್ಟೆ ತೆಗೆದುಕೊಂಡಳು. ಒಲೆ ಯಾಕೋ ಸೊಟ್ಟಗೆ ನಿಂತಿತ್ತು. ಬಗ್ಗಿ ನೋಡಿದಳು. ಒಲೆಯ ಒಂದು ಕಾಲಿನಡಿ, ಹಾಲಿನಲ್ಲಿ ನೆಂದು, ತಗಡಿನ ಸುಣ್ಣದ ಡಬ್ಬಿ ಕುಳಿತಿತ್ತು.

ಅವಳು ಮೆಲ್ಲಗೆ ತಿರುಗಿದಳು. ಬಂಗಾರಮ್ಮ ಕಿಟಕಿ ಪಕ್ಕದಲ್ಲಿ, ತನಗೇನೂ ಗೊತ್ತಿಲ್ಲದವಳ ಹಾಗೆ ಎಲೆಯ ತೊಟ್ಟು ಮುರಿಯುತ್ತಿದ್ದಳು. ಮಂಗಳಗೌರಿ ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ಅತ್ತೆಯ ಅಂಗೈಯಲ್ಲಿಟ್ಟಳು. ಮುದುಕಿ ಅದನ್ನು ಗಬಕ್ಕನೆ ಮುಚ್ಚಿ, ಮಗ ಹೊರಗಿದ್ದಾನೆಯೇ ಎಂದು ಒಮ್ಮೆ ಇಣುಕಿ ನೋಡಿದಳು.

"ಗೌರಿ, ಆ ಕಡ್ಲು ನಮ್ಮೂರ ಕೆರೆಗಿಂತ್ಲೂ ದೊಡ್ಡದಾ?" ಎಂದಳು ಪಿಸುದನಿಯಲ್ಲಿ. "ನಾನೂವೆ ನೋಡಿಲ್ಲ ಕಣವ್ವ. ಬೆಳಗ್ಗೆ ಗೇಟು ಎಷ್ಟೊತ್ಗೆ ತಗೀತಾರೆ?"