ಪರೀಕ್ಷೆಗೆಂದು ಕೊಟ್ಟ ಎಂಟು ಪುಟ

ಪುಸ್ತಕ ಬಂದದ್ದು ಶುಕ್ರವಾರ ಬೆಳಿಗ್ಗೆ, ಹನ್ನೆರಡು ಪ್ರತಿಗಳ ಕಟ್ಟಿನಲ್ಲಿ. ಮೇಲೆ 'ಕೃತಜ್ಞತೆಗಳೊಂದಿಗೆ' ಎಂಬ ಚೀಟಿ ಬೇರೆ. ನಮ್ಮ ಕಚೇರಿಗೆ ಇಂಥ ಕಟ್ಟು ಬಂದರೆ ಎಲ್ಲರೂ ಒಂದೊಂದು ಎತ್ತಿಕೊಳ್ಳುತ್ತಾರೆ, ಓದುವವರು ಯಾರೂ ಇಲ್ಲ. ನಾನೂ ಒಂದನ್ನು ತೆಗೆದುಕೊಂಡು, ಮೇಜಿನ ಕೆಳಗೆ ಹಿಡಿದು, ಏಳನೇ ಅಧ್ಯಾಯ ತೆರೆದೆ. ಕದ್ದ ಮಾಲು ನೋಡುವವನ ಹಾಗೆ ಯಾಕೆ ನೋಡಿದೆನೆಂದರೆ ಅದು ಕದ್ದ ಮಾಲೇ. ಕದಿಯಲು ಏಣಿ ಹಿಡಿದವನು ನಾನು.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮದು ಕೆಲಸಗಾರರನ್ನು ಒದಗಿಸುವ ಏಜೆನ್ಸಿ. ಎಲ್ಲ ಬಗೆಯವರನ್ನಲ್ಲ, ವೈದ್ಯಕೀಯ ವಿಷಯ ಬರೆಯುವವರು, ಅನುವಾದಿಸುವವರು, ದೇಹದ ಒಳಗಿನ ಚಿತ್ರ ಬಿಡಿಸುವವರು, ಔಷಧದ ಡಬ್ಬಿಯೊಳಗಿನ ಕಾಗದದ ತಪ್ಪು ತಿದ್ದುವವರು. ಎಲ್ಲರೂ ಫ್ರೀಲ್ಯಾನ್ಸ್ ಜನ, ಖಾಯಂ ನೌಕರಿಯಿಲ್ಲದೆ ಕೆಲಸ ಬಂದಾಗ ಮನೆಯಲ್ಲೇ ಕೂತು ಮಾಡಿಕೊಡುವವರು. ಕಂಪನಿಗಳಿಗೆ ಇಂಥವರು ಬೇಕು, ಹುಡುಕಲು ಪುರುಸೊತ್ತಿಲ್ಲ. ಇವರಿಗೆ ಕೆಲಸ ಬೇಕು, ಬಾಗಿಲು ಗೊತ್ತಿಲ್ಲ. ನಡುವೆ ನಾವು, ಮದುವೆ ದಲ್ಲಾಳಿಗಳ ಹಾಗೆ. ಎರಡೂ ಕಡೆಯವರ ದೋಷ ನಮಗೆ ಗೊತ್ತಿರುತ್ತದೆ, ಎರಡೂ ಕಡೆಯವರಿಗೆ ಹೇಳುವುದಿಲ್ಲ.

ಯಾರನ್ನಾದರೂ ತೆಗೆದುಕೊಳ್ಳುವ ಮುಂಚೆ ಕಂಪನಿ ಒಂದು ಪರೀಕ್ಷೆ ಇಡುತ್ತದೆ. ಒಂದು ಪುಟ ಕೊಟ್ಟು 'ಇದನ್ನು ಅನುವಾದಿಸಿ' ಎನ್ನುತ್ತದೆ. ಈ ಪರೀಕ್ಷೆಗೆ ಬರೆಯದ ಒಂದು ನಿಯಮವಿದೆ. ಎಲ್ಲರಿಗೂ ಅದೇ ಪುಟ ಕೊಡಬೇಕು. ಅದೇ ಪುಟವಾದರೆ ತಾನೇ ಯಾರದ್ದು ಚೆಂದ, ಯಾರದ್ದು ಹರಕು ಎಂದು ತೂಗಿ ನೋಡುವುದು.

ಹೋದ ವರ್ಷ ರೋಗಿಗಳ ಮಂಚ, ಗಾಲಿಕುರ್ಚಿ ಮಾಡುವ ದೊಡ್ಡ ಕಂಪನಿಯೊಂದು ನಮ್ಮ ಬಳಿ ಬಂತು. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ ಎಂಬ ಕೈಪಿಡಿಯನ್ನು ನಮ್ಮ ಭಾಷೆಗೆ ತರಬೇಕು, ಅನುವಾದಕರು ಬೇಕು, ಮುಂದೆ ವರ್ಷವಿಡೀ ಕೆಲಸ ಇರುತ್ತದೆ ಎಂದರು. ನಮ್ಮ ಯಜಮಾನರು ಕುರ್ಚಿಯಿಂದ ಅರ್ಧ ಎದ್ದೇ ಮಾತಾಡಿದರು. ಅವರಿಗೆ ನಾವು ಇಟ್ಟ ಹೆಸರು ಗಡುವಣ್ಣ. ಬೆಳಿಗ್ಗೆ ಎದುರು ಸಿಕ್ಕರೆ ಬೇರೆಯವರು ಚೆನ್ನಾಗಿದ್ದೀಯಾ ಎಂದು ಕೇಳುತ್ತಾರೆ, ಇವರು 'ಗಡುವು ಯಾವತ್ತು' ಎಂದು ಕೇಳುತ್ತಾರೆ.

ಆಗ ನನಗೆ ಅತ್ತಿಗೆಯ ನೆನಪಾಯಿತು. ಅಣ್ಣನ ಹೆಂಡತಿ ಮದುವೆಯಾದ ಮೇಲೂ ಹಲವು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಮಕ್ಕಳು, ಮನೆ ಅಂತ ಬಿಟ್ಟರು. ಮತ್ತೆ ಸೇರಬೇಕು ಅನ್ನುವಷ್ಟರಲ್ಲಿ ನಮ್ಮ ಅಮ್ಮ ಬಿದ್ದು ಸೊಂಟ ಮುರಿದುಕೊಂಡು ಎರಡು ವರ್ಷ ಹಾಸಿಗೆ ಹಿಡಿದಳು. ನೋಡಿಕೊಂಡವರು ಅತ್ತಿಗೆ. ನಾನು ಅದೇ ನಗರದಲ್ಲಿದ್ದೆ, ಬಸ್ಸಿನಲ್ಲಿ ನಲವತ್ತು ನಿಮಿಷ. ತಿಂಗಳಿಗೊಮ್ಮೆ ಹಣ್ಣಿನ ಚೀಲ ಹಿಡಿದು ಹೋಗಿ, ಕಾಲು ಗಂಟೆ ಕೂತು, ಕೈಗಡಿಯಾರ ನೋಡಿಕೊಂಡು ಏಳುತ್ತಿದ್ದೆ. ಅಮ್ಮ ಹೋಗುವ ಹೊತ್ತಿಗೆ ಅತ್ತಿಗೆಯ ನರ್ಸ್ ನೋಂದಣಿಯ ಅವಧಿಯೂ ಮುಗಿದುಹೋಗಿತ್ತು. ಅವರಿಗೆ ಓದುವ ಹುಚ್ಚು, ಇಂಗ್ಲಿಷು, ನಮ್ಮ ಭಾಷೆ ಎರಡೂ ನೀರು ಕುಡಿದಷ್ಟು ಸಲೀಸು.

"ನನ್ ಕೈಲಿ ಆಗುತ್ತಾ ಪುಟ್ಟ?" ಎಂದರು ಅತ್ತಿಗೆ, ನಾನು ಹೋಗಿ ವಿಷಯ ಹೇಳಿದಾಗ. ನನಗೆ ವಯಸ್ಸು ಮೂವತ್ತೆಂಟು, ಆ ಮನೆಯಲ್ಲಿ ಇನ್ನೂ ಪುಟ್ಟ.

"ನಿಮ್ಮಂಥೋರೇ ಅವರಿಗೆ ಬೇಕಿರೋದು. ನಾನಿದ್ದೀನಲ್ಲ, ಯೋಚನೆ ಮಾಡ್ಬೇಡಿ," ಎಂದೆ. ದೊಡ್ಡ ಮನುಷ್ಯನ ಹಾಗೆ ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದ್ದು ನೆನಪಿದೆ.

ಹನ್ನೊಂದು ಜನರ ಪಟ್ಟಿ ಕಳಿಸಿದೆವು. ಕಂಪನಿಯಿಂದ ಹನ್ನೊಂದು ಪರೀಕ್ಷೆ ಬಂದವು. ನಾನು ಅವನ್ನು ಒಬ್ಬೊಬ್ಬರಿಗೆ ಹಂಚುತ್ತಾ ಕೂತಾಗ ಪುಟದ ಸಂಖ್ಯೆ ಕಣ್ಣಿಗೆ ಬಿತ್ತು. ಮೊದಲನೆಯವರಿಗೆ ಒಂದರಿಂದ ಎಂಟು. ಎರಡನೆಯವರಿಗೆ ಒಂಬತ್ತರಿಂದ ಹದಿನಾರು. ಅತ್ತಿಗೆ ಏಳನೆಯವರು, ನಲವತ್ತೊಂಬತ್ತರಿಂದ ಐವತ್ತಾರು. ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ, ಹನ್ನೊಂದೂ ಜೋಡಿಸಿದರೆ ಇಡೀ ಕೈಪಿಡಿ. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದವನಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪರೀಕ್ಷೆ ಎಂಬ ಹೆಸರಿನಲ್ಲಿ ಪುಸ್ತಕವನ್ನೇ ಪುಕ್ಕಟೆ ಮಾಡಿಸಿಕೊಳ್ಳುತ್ತಿದ್ದರು.

ಗಡುವಣ್ಣನ ಕೋಣೆಗೆ ಹೋಗಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು.

"ದೊಡ್ಡ ಕಂಪನಿ ಕಣಯ್ಯಾ. ಬೇರೆ ಬೇರೆ ಪುಟ ಕೊಟ್ಟು ನೋಡೋದು ಅವರ ಪದ್ಧತಿ ಇರಬಹುದು. ಕೇಳಿದ್ರೆ ಹಾಗೇ ಎದ್ದು ಹೋಗ್ತಾರೆ. ನೀನು ಕೇಳ್ತೀಯಾ?"

ನಾನು ಕೇಳಲಿಲ್ಲ. ಜಾಣ ಕಿವುಡು ಎಂಬ ಮಾತು ನಮ್ಮಂಥವರಿಗಾಗಿಯೇ ಹುಟ್ಟಿದ್ದು. ಹನ್ನೊಂದು ಜನರಲ್ಲಿ ಒಬ್ಬಿಬ್ಬರನ್ನಾದರೂ ತೆಗೆದುಕೊಂಡಾರು, ಅದರಲ್ಲಿ ಅತ್ತಿಗೆ ಇದ್ದಾರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅತ್ತಿಗೆ ನಾಲ್ಕು ದಿನ ಕೂತರಂತೆ. ಅಮ್ಮನ ಮಂಚ ಇದ್ದ ಜಾಗದಲ್ಲಿ, ಕಿಟಕಿಯ ಪಕ್ಕ, ಅಣ್ಣ ಒಂದು ಮೇಜು ಹಾಕಿಕೊಟ್ಟಿದ್ದ. ಐದನೇ ದಿನ ಅತ್ತಿಗೆ ಕಳಿಸಿದ್ದನ್ನು ನಾನು ಹಾಗೇ ಕಂಪನಿಗೆ ದಾಟಿಸಿದೆ. ಮೂರು ವಾರದ ನಂತರ ಅವರಿಂದ ಒಂದೇ ಸಾಲಿನ ಉತ್ತರ ಬಂತು. ಸದ್ಯಕ್ಕೆ ಯಾರೂ ಬೇಡವಂತೆ.

ಬೇಡವೆಂದರೆ ನಾವು ಪತ್ರ ಕಳಿಸಬೇಕು. ಆ ಪತ್ರಕ್ಕೆ ನಮ್ಮ ಕಂಪ್ಯೂಟರಿನಲ್ಲಿ ಆರು ಸಿದ್ಧ ಕಾರಣಗಳಿವೆ, ಒಂದಕ್ಕೆ ಗುರುತು ಹಾಕದಿದ್ದರೆ ಪತ್ರ ಮುಂದಕ್ಕೆ ಹೋಗುವುದಿಲ್ಲ. 'ಕಂಪನಿ ನಿಮಗೆ ಮೋಸ ಮಾಡಿದೆ, ನಮಗೂ ಗೊತ್ತಿತ್ತು' ಎಂಬುದು ಆರರಲ್ಲಿ ಇರಲಿಲ್ಲ. ನಾನು ನಾಲ್ಕನೆಯದಕ್ಕೆ ಗುರುತು ಹಾಕಿದೆ: 'ನಿಮ್ಮ ಭಾಷೆ ಸಹಜವಾಗಿಲ್ಲ.' ಹನ್ನೊಂದು ಜನರಿಗೂ ಅದೇ. ಊಟಕ್ಕೆ ಏಳುವ ಮುಂಚೆ ಮುಗಿಸಿಬಿಡೋಣ ಎನ್ನುವ ಅವಸರದಲ್ಲಿದ್ದೆ. ಏಳನೆಯ ಪತ್ರ ಅತ್ತಿಗೆಯದು ಎಂದು ಕೈಗೆ ಗೊತ್ತಾಯಿತು, ಒಂದು ಗಳಿಗೆ ನಿಂತಿತು, ಆಮೇಲೆ ಒತ್ತಿತು.

ಅತ್ತಿಗೆ ನನಗೆ ಫೋನ್ ಮಾಡಲಿಲ್ಲ. ನಾನೂ ಆ ಮನೆಯ ಕಡೆ ತಲೆ ಹಾಕಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಏನೂ ಅನ್ನದೆಯೇ ನಾಲ್ಕು ತಿಂಗಳು ಹೆಗಲು ಮುಟ್ಟಿಕೊಂಡು ಓಡಾಡಿದೆ. ಹೋದ ವಾರ ಅಣ್ಣನೇ ಫೋನ್ ಮಾಡಿದ. ಅವನು ಲಿಫ್ಟ್ ರಿಪೇರಿಯವನು, ಯಾವುದೋ ಕಟ್ಟಡದ ತುದಿಯಿಂದ ಮಾತಾಡುತ್ತಿದ್ದ.

"ನಿಮ್ಮತ್ತಿಗೆ ಸೋಮವಾರದಿಂದ ನರ್ಸಿಂಗ್ ಹೋಮಲ್ಲಿ ಆಯಾ ಕೆಲಸಕ್ಕೆ ಹೋಗ್ತಾಳಂತೆ. ನರ್ಸ್ ಆಗಿದ್ದೋಳು, ಈಗ ನೆಲ ಒರೆಸ್ತೀನಿ ಅಂತಾಳೆ."

"ಅನುವಾದಕ್ಕೆ ಬೇರೆ ಕಡೆ ಪ್ರಯತ್ನ ಮಾಡ್ಬಹುದಿತ್ತಲ್ಲ?"

"ನಾನೂ ಅದೇ ಅಂದೆ. 'ಇಷ್ಟು ವರ್ಷ ಭಾಷೆ ಬರುತ್ತೆ ಅಂದ್ಕೊಂಡಿದ್ದೆ, ಬರಲ್ಲ ಅಂತ ಗೊತ್ತಾಯ್ತಲ್ಲ, ಬಿಡಿ' ಅಂದ್ಲು. ನಿಘಂಟು ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದಾಳೆ. ಈಗ ಪತ್ರಿಕೇನೂ ಓದಲ್ಲ ಪುಟ್ಟ."

ಈ ಮಾತಾದ ಮೂರನೇ ದಿನ ಪುಸ್ತಕದ ಕಟ್ಟು ಬಂದದ್ದು. ಒಳಪುಟದಲ್ಲಿ 'ಅನುವಾದ: ಕಂಪನಿಯ ಭಾಷಾ ತಂಡ' ಎಂದಿತ್ತು. ಅತ್ತಿಗೆ ಕಳಿಸಿದ್ದ ಕಡತ ತೆರೆದು ಏಳನೇ ಅಧ್ಯಾಯದ ಮೊದಲ ಮೂರು ಸಾಲು ತಾಳೆ ಹಾಕಿದೆ. ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ. ಮುಂದೆ ನೋಡಲು ಧೈರ್ಯ ಸಾಲದೆ ಎರಡನ್ನೂ ಮುಚ್ಚಿದೆ. ಗಡುವಣ್ಣನ ಮುಂದೆ ಪುಸ್ತಕ ಇಟ್ಟಾಗ ಅವರು ಹಾಳೆ ತಿರುವಿ, "ಅಚ್ಚು ಚೆನ್ನಾಗಿ ಬಂದಿದೆ," ಎಂದರು. ಆಮೇಲೆ ನನ್ನ ಮುಖ ನೋಡಿ, "ಆ ಹನ್ನೊಂದು ಪತ್ರದಲ್ಲಿ ಸಹಿ ಯಾರದ್ದು?" ಎಂದರು. ನನ್ನದೇ ಆಗಿತ್ತು.

ಶನಿವಾರ ಮಧ್ಯಾಹ್ನ ಆ ಮನೆಗೆ ಹೋದೆ. ಈ ಸಲ ಹಣ್ಣಿನ ಚೀಲ ಇರಲಿಲ್ಲ. ಅಣ್ಣ ಕೆಲಸಕ್ಕೆ ಹೋಗಿದ್ದ. ಅತ್ತಿಗೆ ಕಿಟಕಿಯ ಪಕ್ಕದ ಆ ಮೇಜಿನ ಮೇಲೆ ಕಂಬಳಿ ಹಾಸಿಕೊಂಡು, ಆಯಾಗಳು ಹಾಕುವ ತಿಳಿನೀಲಿ ನಿಲುವಂಗಿಗೆ ಇಸ್ತ್ರಿ ಮಾಡುತ್ತಿದ್ದರು.

"ಬಾ. ದಾರಿ ತಪ್ಪಿ ಬಂದ್ಯೇನೋ?" ಎಂದು ನಕ್ಕರು.

ನಾನು ಕೂರಲಿಲ್ಲ. ಬಸ್ಸಿನಲ್ಲಿ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಒಂದು ಮಾತು ಜೋಡಿಸಿಕೊಂಡು ಬಂದಿದ್ದೆ. ಅದನ್ನು ಅಲ್ಲೇ ಬಿಟ್ಟೆ. ಪುಸ್ತಕವನ್ನು ಏಳನೇ ಅಧ್ಯಾಯಕ್ಕೆ ತೆರೆದು ಅವರ ಮುಂದಿಟ್ಟೆ. ಅವರು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಓದತೊಡಗಿದರು. ಮೊದಲ ಪುಟ ಮುಗಿಯುವಷ್ಟರಲ್ಲಿ ಅವರ ಬೆರಳು ಸಾಲುಗಳ ಕೆಳಗೆ ಓಡುವುದನ್ನು ನಿಲ್ಲಿಸಿತು.

"ಇದು ನಂದು," ಎಂದರು.

"ಹೌದು ಅತ್ತಿಗೆ."

ಎಲ್ಲ ಹೇಳಿದೆ. ಪುಟದ ಸಂಖ್ಯೆ ಕಂಡದ್ದು, ಬಾಯಿಮುಚ್ಚಿಕೊಂಡದ್ದು, ಹನ್ನೊಂದು ಜನರ ಹನ್ನೊಂದು ಅಧ್ಯಾಯ. ಅವರು ಸಿಟ್ಟಾಗಬಹುದು, ಅಳಬಹುದು ಎಂದುಕೊಂಡಿದ್ದೆ. ಎರಡಕ್ಕೂ ತಯಾರಾಗಿದ್ದೆ. ಅವರು ಒಂದು ಪ್ರಶ್ನೆ ಕೇಳಿದರು.

"ಭಾಷೆ ಸಹಜವಾಗಿಲ್ಲ ಅಂತ ಹೇಳಿದೋರು ಯಾರು? ಕಂಪನಿಯೋರಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. "ನಾನೇ," ಎಂದೆ.

"ಓದಿದ್ಯಾ, ನಾನು ಬರೆದಿದ್ದನ್ನ?"

ಹೀಗೊಂದು ಪ್ರಶ್ನೆ ಬರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಕಂಪನಿಯ ಮೋಸಕ್ಕೆ ಕಂಪನಿ ಇತ್ತು, ಗಡುವಣ್ಣ ಇದ್ದರು. ಇದಕ್ಕೆ ನಾನೊಬ್ಬನೇ.

"ಇಲ್ಲ," ಎಂದೆ.

ಅತ್ತಿಗೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿಟ್ಟರು. ಅವರ ಮುಖದಲ್ಲಿ ಕೋಪ ಇದ್ದಿದ್ದರೆ ಹಗುರವಾಗುತ್ತಿತ್ತು. "ಈಗ ಓದು. ಜೋರಾಗಿ ಓದು, ನಾನೂ ಕೇಳಿಸ್ಕೋತೀನಿ. ಎಲ್ಲಿ ಸಹಜವಾಗಿಲ್ಲ ಅಂತ ನೋಡೋಣ."

ಓದಿದೆ. "'ರೋಗಿಯನ್ನು ಹೊರಳಿಸುವ ಮುಂಚೆ, ಹೊರಳಿಸುತ್ತೇನೆಂದು ಹೇಳಿ. ಅವರಿಗೆ ಕೇಳಿಸದು ಎನಿಸಿದರೂ ಹೇಳಿ. ನಿಮ್ಮ ಕೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿಕೊಳ್ಳಿ.'" ಎಲ್ಲೂ ತಡವರಿಸಬೇಕಾಗಲಿಲ್ಲ. ಹದಿನಾಲ್ಕು ವರ್ಷದಲ್ಲಿ ನನ್ನ ಕೈಯಿಂದ ಸಾವಿರ ಅನುವಾದ ದಾಟಿಹೋಗಿವೆ. ಇಷ್ಟು ನೇರವಾದದ್ದನ್ನು ಕಂಡಿರಲಿಲ್ಲ. ಕಂಡಿರಬಹುದು, ಓದಿರಲಿಲ್ಲ. ಬೆನ್ನಿನ ಹುಣ್ಣು, ಮಡಿಕೆ ಬೀಳದ ಹಾಸು, ಬಟ್ಟೆ ಬದಲಾಯಿಸುವಾಗ ಮುಚ್ಚಬೇಕಾದ ಕಿಟಕಿ. ಪ್ರತಿ ಸಾಲಿನಲ್ಲೂ ಅಮ್ಮ ಮಲಗಿದ್ದಳು. ನನ್ನ ಕಾಲು ಗಂಟೆಯ ಆಚೆಗೆ ಆ ಮಂಚದ ಮೇಲೆ ಏನು ನಡೆಯುತ್ತಿತ್ತೆಂದು ಮೊದಲ ಸಲ ಗೊತ್ತಾಯಿತು. ಆರನೇ ಪುಟಕ್ಕೆ ಬಂದೆ.

"'ರೋಗಿಯು ಎದುರಿಗಿಲ್ಲದವರನ್ನು ಪದೇ ಪದೇ ಕೇಳಿದರೆ ವಾದ ಮಾಡಬೇಡಿ. ಬರುತ್ತಾರೆ ಎಂದು ಹೇಳಿ, ಯಾವಾಗ ಎಂದು ಹೇಳಬೇಡಿ. ಮತ್ತೆ ಕೇಳಿದರೆ ಮತ್ತೆ ಹೇಳಿ. ಅವರು ಬಾಗಿಲ ಕಡೆ ನೋಡುವುದನ್ನು ನಿಲ್ಲಿಸುವ ತನಕ ಕೈ ಹಿಡಿದುಕೊಂಡಿರಿ.'"

ಪುಸ್ತಕವನ್ನು ಮೇಜಿನ ಮೇಲೆ ಮಗುಚಿಟ್ಟೆ.

"ಅದು ಮೂಲದಲ್ಲಿರೋದೇ," ಎಂದರು ಅತ್ತಿಗೆ, ಇಸ್ತ್ರಿಪೆಟ್ಟಿಗೆಯ ವೈರು ಸುತ್ತುತ್ತಾ. "ನಾನೇನೂ ಸೇರಿಸಿಲ್ಲ."

ಅಮ್ಮ ಯಾರನ್ನು ಕೇಳುತ್ತಿದ್ದಳೆಂದು ನಾನು ಕೇಳಲಿಲ್ಲ. ಅಣ್ಣ ಆ ಮನೆಯಲ್ಲೇ ಇದ್ದ. ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದುಕೊಂಡಿದ್ದೆ. ಅದಲ್ಲ, ಕೈಕಾಲು ಎಲ್ಲಿಡಬೇಕೆಂದು ತಿಳಿಯದೆ ಹೋಗುವುದು.

"ಅತ್ತಿಗೆ, ಸೋಮವಾರ ಹೋಗ್ಬೇಡಿ," ಎಂದೆ ಕಡೆಗೆ.

"ಹೋಗ್ತೀನಿ. ಅಲ್ಲಿ ಕೆಲಸ ಸರಿಯಿಲ್ಲ ಅಂದ್ರೆ ಎದುರಿಗೆ ನಿಂತು ಹೇಳ್ತಾರೆ. ಆದ್ರೆ ಭಾಷೆ ಬರಲ್ಲ ಅಂತ ಹೋಗಲ್ಲ ಇನ್ಮೇಲೆ. ಅಟ್ಟದ ಮೇಲಿನ ಗಂಟು ಇಳಿಸಿಕೊಟ್ಟು ಹೋಗು."

ಸ್ಟೂಲು ಹತ್ತಿ ನಿಘಂಟುಗಳ ಗಂಟು ಇಳಿಸಿದೆ. ಧೂಳು ಒರೆಸಿ ಮೇಜಿನ ಮೇಲಿಟ್ಟೆ. ಇನ್ನು ಹೊರಡಬಹುದು, ಹೇಗೋ ಮುಗಿಯಿತು ಎನ್ನುವ ನೆಮ್ಮದಿ ಆಗಲೇ ಒಳಗೆ ಸುಳಿಯುತ್ತಿತ್ತು. ನನ್ನ ಬುದ್ಧಿ ಅಂಥದ್ದು.

"ಉಳಿದ ಹತ್ತು ಜನ?" ಎಂದರು ಅತ್ತಿಗೆ.

"ಅವರಿಗೆ ಏನು?"

"ಅವರೂ ಹನ್ನೊಂದರಲ್ಲೇ ಇದ್ರಲ್ಲ. ಅವರೂ ಏನೇನು ಕಟ್ಟಿ ಅಟ್ಟಕ್ಕೆ ಹಾಕಿದ್ದಾರೋ. ಅವರಿಗೆ ಮೈದುನ ಇಲ್ಲ, ಮನೆಗೆ ಬಂದು ಹೇಳೋಕೆ."

ಹೇಳಿದರೆ ನನ್ನ ಕೆಲಸ ಹೋಗುತ್ತದೆ ಎಂದು ಬಾಯಿ ತೆರೆದವನು, ನಿಲುವಂಗಿಯನ್ನು ನೋಡಿ ಮುಚ್ಚಿಕೊಂಡೆ. ಅತ್ತಿಗೆ ಕಂಬಳಿ ಮಡಚಿಟ್ಟು, ಕುರ್ಚಿ ಎಳೆದುಕೊಟ್ಟು, ಹಾಳೆ ಪೆನ್ನು ಮುಂದಿಟ್ಟರು.

ಬರೆಯತೊಡಗಿದೆ. 'ಮಾನ್ಯರೇ, ಕೆಲವು ಅನಿವಾರ್ಯ ಕಾರಣಗಳಿಂದಾಗಿ ತಮಗೆ ಈ ಹಿಂದೆ ಕಳುಹಿಸಲಾದ ಪತ್ರದಲ್ಲಿ...' ಅತ್ತಿಗೆ ಭುಜದ ಮೇಲಿನಿಂದ ಬಗ್ಗಿ ನೋಡಿ, ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಆ ಸಾಲಿನ ಮೇಲೆ ಗೀಟು ಎಳೆದರು.

"ಇದು ಏನು ಭಾಷೆ ಪುಟ್ಟ? 'ನಿಮ್ಮ ಕೆಲಸವನ್ನು ನಾನು ಓದಿರಲಿಲ್ಲ' ಅಂತ ಶುರು ಮಾಡು."

ಪೆನ್ನು ವಾಪಸ್ಸು ಕೊಟ್ಟು ಪಕ್ಕದಲ್ಲೇ ನಿಂತುಕೊಂಡರು. ನಾನು ಬರೆದೆ. ಹತ್ತು ಸಲ ಬರೆದೆ.