ಉಪವಾಸದ ವಾರದಲ್ಲಿ ವಾಯೋಲಾ ಬಿಟ್ಟ ಸೂಜಿ

ಜನವರಿಯ ಮೊದಲ ವಾರ ನಮ್ಮ ಸವಾಯಿ ದ್ವೀಪದ ಹಳ್ಳಿಯಲ್ಲಿ ಹಗಲು ಹೊತ್ತು ಒಲೆ ಹತ್ತುವುದಿಲ್ಲ. ಹೊಸ ವರ್ಷಕ್ಕೆಂದು ಇಡೀ ಚರ್ಚಿನವರು ಉಪವಾಸ ಹಿಡಿಯುತ್ತಾರೆ. ಸಂಜೆಯ ಪ್ರಾರ್ಥನೆ ಮುಗಿದ ಮೇಲೆಯೇ ಬಾಯಿಗೆ ತುತ್ತು, ಗುಟುಕು ನೀರು. ಹೊಟ್ಟೆ ಚುರುಗುಟ್ಟಿ ಮುಖ ಗಂಟಿಕ್ಕಿಕೊಂಡವರು ಮನೆಮನೆಯಲ್ಲೂ ಸಿಗುತ್ತಾರೆ. ಆ ವರ್ಷ ಉಪವಾಸ ಬಂತೆಂದು ಖುಷಿಪಟ್ಟವಳು ಇಪ್ಪತ್ತರ ವಾಯೋಲಾ ಒಬ್ಬಳೇ.

ಹನ್ನೊಂದನೇ ವಯಸ್ಸಿನಲ್ಲೇ ಅವಳಿಗೆ ಟೈಪ್ ಒನ್ ಸಕ್ಕರೆ ಕಾಯಿಲೆ ಬಂದಿತ್ತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಸೂಜಿ, ನಾಲ್ಕು ಸಲ ಬೆರಳು ಚುಚ್ಚಿ ರಕ್ತ ಪರೀಕ್ಷೆ. ಒಂಬತ್ತು ವರ್ಷ, ಒಂದು ದಿನವೂ ರಜೆಯಿಲ್ಲ. ಯಾರಿಗಾದರೂ ಸಾಕಾಗುತ್ತದೆ, ಅವಳಿಗೂ ಸಾಕಾಯಿತು. ಹೈಸ್ಕೂಲು ಮುಗಿಸಿ ಮನೆಯಲ್ಲಿ ಕೂತ ಮೇಲೆ ಮೊದಲು ಪರೀಕ್ಷೆ ತಪ್ಪಿತು, ಆಮೇಲೆ ಮಧ್ಯಾಹ್ನದ ಸೂಜಿ. ಕ್ಲಿನಿಕ್ಕಿಗೆ ಹೋಗುವ ಹಿಂದಿನ ದಿನ, ಪರೀಕ್ಷೆಯ ಅಂಕಿ ಬರೆದಿಡಬೇಕಾದ ಪುಸ್ತಕ ತೆರೆದು, ಅನುಮಾನ ಬರದಿರಲೆಂದು ಒಮ್ಮೆ ನೀಲಿ ಒಮ್ಮೆ ಕಪ್ಪು ಪೆನ್ನಿನಲ್ಲಿ, ಒಳ್ಳೊಳ್ಳೆಯ ಅಂಕಿಗಳನ್ನು ತಾನೇ ತುಂಬಿಸುತ್ತಿದ್ದಳು.

ಹಾಗಿರುವಾಗ ಉಪವಾಸ ಬಂತು. ಹಗಲಿಡೀ ಊಟವೇ ಇಲ್ಲದ ಮೇಲೆ ಸೂಜಿ ಯಾಕೆ ಎಂದು ಅವಳೇ ಲೆಕ್ಕ ಹಾಕಿಕೊಂಡಳು. ಸಂಜೆಯ ಊಟದ ಸೂಜಿಯನ್ನೂ, ಮಲಗುವಾಗ ಹಾಕಿಕೊಳ್ಳಬೇಕಾದ, ಇಡೀ ದಿನಕ್ಕೆ ಬರುವ ಇನ್ಸುಲಿನ್ನನ್ನೂ ಬಿಟ್ಟಳು. ಅವಳಜ್ಜಿ ಫಿಲೆಮು ತಲೆದೂಗಿದರು. ಅಜ್ಜಿಗೂ ಸಕ್ಕರೆ ಕಾಯಿಲೆಯೇ, ಆದರೆ ವಯಸ್ಸಾದ ಮೇಲೆ ಬಂದದ್ದು, ಮಾತ್ರೆಯಲ್ಲಿ ಹದ್ದುಬಸ್ತಿಗೆ ಬಂದದ್ದು. ಊಟ ಕಡಿಮೆ ಮಾಡಿದಾಗ ತಮಗೆ ಇಳಿದ ಸಕ್ಕರೆ ಮೊಮ್ಮಗಳಿಗೂ ಇಳಿಯಬೇಕು ತಾನೇ ಎಂಬುದು ಅವರ ನಂಬಿಕೆ.

ಎರಡು ದಿನ ವಾಯೋಲಾಗೆ ಹಗುರವೆನಿಸಿತು. ಮೂರನೆಯ ದಿನ ಬೆಳಗ್ಗೆಯಿಂದ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಅಜ್ಜಿಯ ಕಣ್ಣು ತಪ್ಪಿಸಿ ಚೆಂಬುಗಟ್ಟಲೆ ನೀರು ಕುಡಿದಳು, ಕುಡಿದಷ್ಟೂ ದಾಹ. ಕಕ್ಕಸಿಗೆ ಹೋಗಿ ಬಂದು ಹೋಗಿ ಬಂದು ಕಾಲು ಸೋತವು. ಚಾಪೆ ಬಿಡಿಸಿದಳು, ಸುತ್ತಿದಳು, ಮತ್ತೆ ಬಿಡಿಸಿದಳು. ಹತ್ತು ಗಂಟೆಗೆ ವಾಂತಿಯಾಯಿತು. ಮೈಯ ಕೊಳೆ ಹೊರಗೆ ಹೋಗುತ್ತಿದೆ, ತಾಳಿಕೋ ಎಂದರು ಅಜ್ಜಿ.

ಅದೃಷ್ಟಕ್ಕೆ ಅಂದು ಮಹಿಳಾ ಸಂಘದವರು ಮನೆಮನೆಗೆ ಬಂದು ಹಾಸಿಗೆ, ಚಾಪೆ, ಕಕ್ಕಸು ಚೊಕ್ಕಟವಾಗಿವೆಯೇ ಎಂದು ನೋಡುವ ದಿನ. ಅವರ ಜೊತೆ ನರ್ಸ್ ಲೆಪೇಕಾ ಇದ್ದರು. ಅವರು ಚಾಪೆ ನೋಡಲಿಲ್ಲ. ವಾಯೋಲಾಳ ಏದುಸಿರು ಕೇಳಿ ಹತ್ತಿರ ಹೋದವರಿಗೆ ಅವಳ ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ ಬಂತು. ಕೂಡಲೇ ಬೆರಳು ಚುಚ್ಚಿ ನೋಡಿದರು. ಯಂತ್ರ ಅಂಕಿ ತೋರಿಸಲಿಲ್ಲ; ಸಕ್ಕರೆ ಅದರ ಅಳತೆಯನ್ನೇ ಮೀರಿತ್ತು.

"ಸೂಜಿ ಯಾವಾಗ ಹಾಕ್ಕೊಂಡಿದ್ದೆ, ಮಗಳೇ? ನಿಜ ಹೇಳು."

"ಉಪವಾಸ ಶುರುವಾದ್ಮೇಲೆ ಹಾಕ್ಕೊಂಡಿಲ್ಲ, ಅತ್ತೆ."

ಲೆಪೇಕಾ ದಾರಿಯಲ್ಲಿದ್ದ ಪಿಕಪ್ ನಿಲ್ಲಿಸಲು ಒಬ್ಬರನ್ನು ಓಡಿಸಿದರು. ಫಿಲೆಮು ಅಡ್ಡ ನಿಂತರು.

"ದೇವರಿಗೆ ಹಿಡಿದ ಉಪವಾಸ, ಅರ್ಧಕ್ಕೆ ಬಿಡಿಸ್ತೀಯಾ? ನಂಗೂ ಇದೇ ಕಾಯಿಲೆ ಕಣೇ. ಹೊಟ್ಟೆ ಕಟ್ಟಿದ್ರೆ ಇಳಿಯತ್ತೆ."

"ಹೆಸರೊಂದೇ ಅಮ್ಮಾ, ಕಾಯಿಲೆ ಬೇರೆ. ನಿಮ್ಮ ಮೈಯಲ್ಲಿ ಇನ್ನೂ ಒಂದಿಷ್ಟು ಇನ್ಸುಲಿನ್ ಹುಟ್ಟತ್ತೆ. ಇವಳ ಮೈಯಲ್ಲಿ ಹುಟ್ಟೋದೇ ಇಲ್ಲ. ತಿನ್ನದೇ ಇದ್ರೂ ಮೈ ತಾನೇ ಸಕ್ಕರೆ ಮಾಡತ್ತೆ. ಇನ್ಸುಲಿನ್ ಇಲ್ದಿದ್ರೆ ಆ ಸಕ್ಕರೆ ಉಪಯೋಗಕ್ಕೆ ಬರಲ್ಲ, ಮೈ ತನ್ನ ಕೊಬ್ಬನ್ನೇ ಕರಗಿಸಿ ರಕ್ತನ ವಿಷ ಮಾಡ್ಕೊಳತ್ತೆ. ಈಗ ಆಗ್ತಿರೋದು ಅದೇ. ಇನ್ನೂ ತಡ ಮಾಡಿದ್ರೆ ಮಗು ಉಳಿಯಲ್ಲ."

ಅಜ್ಜಿ ಪಕ್ಕಕ್ಕೆ ಸರಿದರು. ಪಿಕಪ್ಪಿನಲ್ಲಿ ಮೊಮ್ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯವರೆಗೂ ಅವಳ ಹೆಸರು ಕರೆಯುತ್ತಲೇ ಇದ್ದರು. ಕಾಯಿಲೆಯವರು ಉಪವಾಸ ಮಾಡಬೇಕಿಲ್ಲ ಎಂದು ಪಾದ್ರಿಗಳು ಮೊದಲೇ ಹೇಳಿದ್ದರು. ಕೇಳಿಸಿಕೊಂಡವರು ಯಾರು?

ಐದು ದಿನ ಆಸ್ಪತ್ರೆಯಲ್ಲಿದ್ದು ವಾಯೋಲಾ ಮನೆಗೆ ಬಂದಳು. ಜೀವ ಉಳಿಯಿತು, ಮನಸ್ಸು ಮಾತ್ರ ನೆಲೆ ನಿಲ್ಲಲಿಲ್ಲ. ಮತ್ತೆ ಅದೇ ಸೂಜಿ, ಅದೇ ಪುಸ್ತಕ, ಎಲ್ಲಿಂದ ಶುರುಮಾಡುವುದು? ಲೆಪೇಕಾ ಬಂದಾಗ ಸುಳ್ಳು ಅಂಕಿಗಳ ವಿಷಯವನ್ನೂ ಹೇಳಿಬಿಟ್ಟಳು. ಲೆಪೇಕಾ ನಕ್ಕರು. ಅಷ್ಟು ಚೆಂದದ ಅಂಕಿ ಕಾಯಿಲೆ ಇಲ್ಲದ ತನಗೂ ಬರುವುದಿಲ್ಲ, ತನಗೆ ಮೊದಲೇ ಗೊತ್ತಿತ್ತು, ಆಗಲೇ ಕೇಳದೆ ಸುಮ್ಮನಿದ್ದದ್ದು ತನ್ನ ತಪ್ಪು ಎಂದರು.

"ಸೂಜಿ ಒಂದನ್ನೂ ಬಿಡೋ ಹಾಗಿಲ್ಲ. ಪರೀಕ್ಷೆ ಮಾತ್ರ ಈ ವಾರ ಬೆಳಗ್ಗೆ ಒಂದ್ಸಲ, ಮಲಗೋವಾಗ ಒಂದ್ಸಲದಿಂದ ಶುರುಮಾಡು, ಡಾಕ್ಟರೂ ಒಪ್ಪಿದಾರೆ. ಬಂದಿದ್ದನ್ನ ಬಂದ ಹಾಗೇ ಬರಿ. ಅಂಕಿ ಹೆಚ್ಚು ಬಂದ್ರೆ ನೀನು ಕೆಟ್ಟವಳಲ್ಲ, ಇನ್ಸುಲಿನ್ ಸಾಲದು ಅಂತ ಅರ್ಥ ಅಷ್ಟೇ. ವಾಂತಿ ಬಂದ್ರೆ, ಉಸಿರು ಏರಿದ್ರೆ ಮಾತ್ರ ಕಾಯಬೇಡ, ನನ್ನ ಕರೆಸು."

ಮರುದಿನ ಬೆಳಗ್ಗೆ, ನಮ್ಮ ಕಡೆಯ ಲೆಕ್ಕದಲ್ಲಿ ಏಳರೊಳಗಿರಬೇಕಾದ ಸಕ್ಕರೆಯನ್ನು ಯಂತ್ರ ಹದಿನೇಳು ಎಂದು ತೋರಿಸಿತು. ವಾಯೋಲಾ ಪೆನ್ನು ಹಿಡಿದು ಪುಸ್ತಕ ತೆರೆದಳು. ಏಳು ಎಂದು ಬರೆದರೆ ಮುಗಿಯಿತು, ಯಾರಿಗೂ ತಿಳಿಯದು. ಎದುರಿಗೆ ಕೂತಿದ್ದ ಅಜ್ಜಿ ಬೈಯಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡರು.

"ಬರಿ ಮಗಳೇ, ನಾನು ಇಲ್ಲೇ ಇದೀನಿ," ಅಂದರು.

ಅವಳು ಹದಿನೇಳೆಂದೇ ಬರೆದಳು. ಆಮೇಲೆ ಅತ್ತುಬಿಟ್ಟಳು. ಮೂರು ವಾರ ಅಂಕಿ ಏರುತ್ತಾ ಇಳಿಯುತ್ತಾ ಕಾಡಿತು. ಪುಸ್ತಕ ನಿಜ ಹೇಳಿದ್ದರಿಂದ ಡಾಕ್ಟರಿಗೆ ಇನ್ಸುಲಿನ್ ಎಷ್ಟು ಬೇಕೆಂದು ತಿಳಿಯಿತು, ಮೆಲ್ಲಗೆ ಹತೋಟಿಗೆ ಬಂತು. ಸಂಘದ ಸಭೆಯಲ್ಲಿ ಫಿಲೆಮು ಎದ್ದು ನಿಂತು, ಭಕ್ತಿಯ ಹೆಸರಲ್ಲಿ ಮೊಮ್ಮಗಳನ್ನು ಮಣ್ಣಿಗಿಡುತ್ತಿದ್ದೆ, ನೀವು ಹಾಗೆ ಮಾಡಬೇಡಿ ಎಂದು ಎಲ್ಲರೆದುರು ಹೇಳಿದರು.

ಓದುತ್ತಿರುವ ನೀವೂ ಕೇಳಿ. ಉಪವಾಸವಿರಲಿ, ಜ್ವರವಿರಲಿ, ಬೇಸರವಿರಲಿ, ಟೈಪ್ ಒನ್ ಇರುವವರು ಇನ್ಸುಲಿನ್ ನಿಲ್ಲಿಸಬಾರದು. ಪ್ರಮಾಣ ಬದಲಿಸಬೇಕಾದರೆ ಡಾಕ್ಟರನ್ನು ಕೇಳಿ. ಬಿಟ್ಟುಹೋಗಿದ್ದರೆ ನಾಚಿಕೆಪಡದೆ ಇವತ್ತೇ ಕ್ಲಿನಿಕ್ಕಿಗೆ ಹೋಗಿ. ಮನೆಯವರು ಹೇಗಿದೆ ಎಂದು ದಿನವೂ ವಿಚಾರಿಸಿ, ಬಂದ ಉತ್ತರಕ್ಕೆ ಸಿಡುಕಬೇಡಿ. ನಿಮ್ಮ ಬೈಗುಳಕ್ಕೆ ಹೆದರಿ ಮಗು ಹೇಳುವ ಒಂದು ಸುಳ್ಳು ಅದರ ಜೀವವನ್ನೇ ತೆಗೆದೀತು.