ಮೊಸರನ್ನದ ಬೆಕ್ಕು

ಬೀಚನಹಳ್ಳಿಯ ಪ್ರೇಮಮ್ಮನಿಗೆ ತನ್ನ ಬೆಕ್ಕು ಸಿದ್ದನ ಬಗ್ಗೆ ಇದ್ದಷ್ಟು ಹೆಮ್ಮೆ ಗಂಡ ಗುರುಮಲ್ಲಪ್ಪನ ಬಗ್ಗೆಯೂ ಇರಲಿಲ್ಲ. “ಮೊಸರನ್ನ ಬುಟ್ಟು ಬ್ಯಾರೆ ಏನೂ ಮೂಸಲ್ಲ ಕಣವ್ವ, ಇಬೂತಿ ಇಡೋದೊಂದು ಬಾಕಿ” ಎಂದು ಬೀದಿಗೆಲ್ಲ ಸಾರಿಕೊಂಡು ಬಂದಿದ್ದಳು.

ಅಂಥ ಸಿದ್ದ ಒಂದು ದಿನ ಯಾವುದೋ ಗಂಡುಬೆಕ್ಕಿನ ಜೊತೆ ಕಿತ್ತಾಡಿ ಕೆನ್ನೆ ಕಚ್ಚಿಸಿಕೊಂಡು ಬಂದ. ಎರಡು ದಿನಕ್ಕೆ ಕೆನ್ನೆ ಊದಿ, ಕೀವು ತುಂಬಿ, ಮೈ ಕಾದು ಮೂಲೆ ಹಿಡಿದ. ಪ್ರೇಮಮ್ಮನ ಜೀವ ಬಾಯಿಗೆ ಬಂತು. ಬುಟ್ಟಿಯಲ್ಲಿ ಕೂರಿಸಿ, ಮೇಲೆ ಪಂಚೆ ಬಿಗಿದು, ಪಶು ಆಸ್ಪತ್ರೆಗೆ ಓಡಿದಳು.

ಡಾಕ್ಟರ್ ಹೇಮಶ್ರೀ ಕೀವು ತೆಗೆದು ಗಾಯ ತೊಳೆದರು.

“ಒಂದು ಸೂಜಿ ಚುಚ್ಚಿಬುಡಿ ಡಾಕ್ಟ್ರಮ್ಮ” ಎಂದಳು ಪ್ರೇಮಮ್ಮ.

“ಅಂಥ ಸೂಜಿ ಇದೆ, ಒಂದ್ಸಲ ಹಾಕಿದ್ರೆ ಹದಿನೈದು ದಿನ ಕೆಲಸ ಮಾಡುತ್ತೆ. ಬೆಕ್ಕಿಗೆ ಮಾತ್ರೆ ನುಂಗಿಸೋದು ಕಷ್ಟ ಅಂತ ಎಲ್ಲರೂ ಅದನ್ನೇ ಕೇಳ್ತಾರೆ. ಆದ್ರೆ ಅದು ದೊಡ್ಡ ಔಷಧಿ. ಸಣ್ಣದಕ್ಕೆಲ್ಲ ಅದನ್ನೇ ಕೊಡ್ತಾ ಹೋದ್ರೆ ರೋಗಾಣು ಪಳಗಿಬಿಡುತ್ತೆ, ನಿಜವಾಗಿ ಬೇಕಾದಾಗ ನಾಟಲ್ಲ. ಇದಕ್ಕೆ ಮಾತ್ರೆ ಸಾಕು. ಐದು ದಿನ, ಎರಡು ಹೊತ್ತು. ಒಂದು ಹೊತ್ತೂ ತಪ್ಪಬಾರದು, ಆಗುತ್ತಾ? ಮೀನಿನ ಚೂರಲ್ಲಿಟ್ಟು ಕೊಟ್ರೆ ಸಲೀಸು.”

“ಮೀನಾ? ಶಿವಶಿವಾ!” ಎಮ್ಮೆಯ ಔಷಧಿಗೆಂದು ಬೆಂಚಿನ ಮೇಲೆ ಕುಳಿತಿದ್ದ ನೆಂಟ ಕಂಠಪ್ಪನಿಗೂ ಕೇಳಲಿ ಎಂದು ಪ್ರೇಮಮ್ಮ ದನಿ ಏರಿಸಿದಳು. “ನಮ್ಮ ಸಿದ್ದ ಮೊಸರನ್ನದೋನು. ನಾ ಕೊಟ್ರೆ ಇಸನೂ ತಿಂತಾನೆ.”

ಮನೆಯಲ್ಲಿ ಸಿದ್ದ ಮೊಸರನ್ನ ತಿಂದ, ಮಾತ್ರೆ ಬಿಟ್ಟ. ಬೆಣ್ಣೆ ನೆಕ್ಕಿದ, ಮಾತ್ರೆ ಬಿಟ್ಟ. ಗುರುಮಲ್ಲಪ್ಪ ಬಾಯಿ ಅಗಲಿಸಿ ಹಿಡಿದರೆ ಅವನ ಮುಂಗೈಗೆ ನಾಲ್ಕು ಗೀರು ಬಿದ್ದವು. ಮಾತ್ರೆ ಹಾರಿ ಅವನ ಜೇಬಿಗೇ ಬಿತ್ತು. “ಆ ಸೂಜಿ ನಂಗೇ ಚುಚ್ಚಿಸು” ಎಂದು ಅವನು ನರಳುತ್ತಿರುವಾಗಲೇ ಸಿದ್ದ ಗೋಡೆ ಹಾರಿ ಪಕ್ಕದ ಮನೆಯ ತಿಮ್ಮಮ್ಮನ ಹಿತ್ತಿಲಿಗೆ ಇಳಿದ.

ಮಾತ್ರೆ ಹಿಡಿದು ಹಿಂದೆಯೇ ಓಡಿದ ಪ್ರೇಮಮ್ಮ ಅಲ್ಲಿ ಬಾಗಿಲಲ್ಲೇ ನಿಂತುಬಿಟ್ಟಳು. ಒಲೆಯ ಪಕ್ಕ ಸಿದ್ದ ಮನೆ ಅಳಿಯನ ಗತ್ತಿನಲ್ಲಿ ಕುಳಿತಿದ್ದ. ಮುಂದೆ ಒಂದು ತಟ್ಟೆ, ತಟ್ಟೆಯಲ್ಲಿ ಹಿನ್ನೀರಿನ ಮೀನು.

“ನಾಕು ವರ್ಸದಿಂದ ಬತ್ತಾವ್ನೆ ಕಣಕ್ಕ,” ತಿಮ್ಮಮ್ಮ ತಲೆ ತಗ್ಗಿಸಿದಳು. “ನಿಮ್ಗೆ ಬ್ಯಾಸರ ಆಯ್ತದೆ ಅಂತ ಏಳ್ನಿಲ್ಲ.”

ಪ್ರೇಮಮ್ಮನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಕೊಚ್ಚಿಕೊಂಡದ್ದೆಲ್ಲ ನೀರುಪಾಲು! ಆದರೆ ಸಿದ್ದನ ಕೆನ್ನೆಯ ಗಾಯ ಕಂಡದ್ದೇ ಸಿಟ್ಟು ಇಳಿಯಿತು. ಮಾತ್ರೆಯಿದ್ದ ಕೈ ತಾನೇ ಮುಂದೆ ಬಂತು. ತಿಮ್ಮಮ್ಮ ಮುಳ್ಳು ಬಿಡಿಸಿ, ಮೀನಿನೊಳಗೆ ಮಾತ್ರೆ ಒತ್ತಿ ಇಟ್ಟಳು. ಗುಳುಂ! ಇಷ್ಟೇನಾ ಎಂಬಂತೆ ಸಿದ್ದ ಇಬ್ಬರ ಮುಖವನ್ನೂ ನೋಡಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ಬೆಳಿಗ್ಗೆ ತಿಮ್ಮಮ್ಮ ಗೋಡೆಯ ಮೇಲೆ ಒಂದು ಡಬ್ಬಿ ಇಟ್ಟಳು. “ಮಗಳ ಸೀಮಂತ, ಪಿರಿಯಾಪಟ್ನಕ್ಕೆ ಓಯ್ತೀನಿ ಅಕ್ಕ. ನಾಳೆ ಒತ್ತಾರೆಗೆ ಬಂದ್ಬುಡ್ತೀನಿ. ಬೇಯ್ಸಿ, ಮುಳ್ಳು ತೆಗ್ದು ಇಟ್ಟಿವ್ನಿ” ಎಂದು ಬಸ್ಸಿಗೆ ನಡೆದಳು.

“ಗಾಯ ಒಣಗ್ತಾ ಅದೆ, ಬುಡು. ಒಂದಿನ ಮಾತ್ರೆ ಕೊಡ್ದಿದ್ರೆ ಏನಾಯ್ತದೆ?” ಎಂದ ಗುರುಮಲ್ಲಪ್ಪ.

ಪ್ರೇಮಮ್ಮ ಡಬ್ಬಿಯನ್ನು ನೋಡಿದಳು, ಸಿದ್ದನನ್ನು ನೋಡಿದಳು. ಮೀನು ತಾನು ಹುಟ್ಟಿದಾಗಿನಿಂದ ಮುಟ್ಟದ ವಸ್ತು. ಒಂದು ಹೊತ್ತೂ ತಪ್ಪಬಾರದು ಎಂದ ಮಾತು ಕಿವಿಯಲ್ಲೇ ಇತ್ತು; ಸಿದ್ದ ಕಾಲಿಗೆ ಮೈ ಉಜ್ಜುತ್ತಿದ್ದ. ಮೂಗಿಗೆ ಸೆರಗು ಕಟ್ಟಿ ಹಿತ್ತಿಲಲ್ಲಿ ಕೂತಳು. “ಶಿವನೇ, ನೀನು ಆ ಕಡೆ ತಿರುಗ್ಕೊ” ಎಂದು ಎರಡು ಬೆರಳಲ್ಲಿ ಮೀನು ಎತ್ತಿ ಮಾತ್ರೆ ಒತ್ತಿದಳು. ಗುಳುಂ! ಆಕಾಶವೇನೂ ಕಳಚಿ ಬೀಳಲಿಲ್ಲ. ಅವಳಿಗೆ ಹೇಳಲಾರದಷ್ಟು ಖುಷಿಯಾಯಿತು. ಸಂಜೆಯ ಮಾತ್ರೆಗೆ ಮೂಗಿನ ಸೆರಗೂ ಬೇಕಾಗಲಿಲ್ಲ.

ಆರನೆಯ ದಿನ ಇಬ್ಬರೂ ಹೆಂಗಸರು ಬುಟ್ಟಿ ಹಿಡಿದು ಆಸ್ಪತ್ರೆಗೆ ಹೋದರು. ಹೇಮಶ್ರೀ ಕೆನ್ನೆ ಮುಟ್ಟಿ ನೋಡಿ, “ಭೇಷ್! ಪೂರ್ತಿ ವಾಸಿಯಾಗಿದೆ. ಮೊಸರನ್ನದಲ್ಲೇ ಕೊಟ್ರಾ?” ಎಂದು ಕೇಳಿದರು.

ಬೆಂಚಿನ ಮೇಲೆ ಇಂದೂ ಕುಳಿತಿದ್ದ ಕಂಠಪ್ಪ ಕಿವಿ ನಿಮಿರಿಸಿದ. ಪ್ರೇಮಮ್ಮ ತಿಮ್ಮಮ್ಮನ ಕೈ ಹಿಡಿದುಕೊಂಡಳು.

“ಮೀನಲ್ಲಿ ಕಣವ್ವ. ನಾಕು ದಿನ ಇವ್ಳು ಕೊಟ್ಲು, ಒಂದಿನ ನಾನೇ ಕೈಯಾರೆ ತಿನ್ನಿಸ್ದೆ.”

ಅದನ್ನೂ ಕಂಠಪ್ಪನಿಗೆ ಕೇಳುವಷ್ಟು ಜೋರಾಗಿಯೇ ಹೇಳಿದಳು.